ಉಪ್ಪಿನ ಪ್ಯಾಕೆಟ್ ಎಷ್ಟು ದಿನ ಬರುತ್ತೆ?

ಅಕ್ಕ, ಒಂದು ಸಲ ಮುಷ್ಟಿ ಕಟ್ಟಿ ನೋಡಿ. ನಿಮ್ಮ ಹೃದಯ ಹೆಚ್ಚು ಕಡಿಮೆ ಅಷ್ಟೇ ದೊಡ್ಡದು. ಅದು ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಬಡಿದಾಗಲೆಲ್ಲ ಮೈಗೆ ರಕ್ತ ನೂಕುತ್ತದೆ. ನಾವು ಮಲಗಿದರೂ ಅದು ಮಲಗುವುದಿಲ್ಲ.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಮೊಮ್ಮಗುವಿಗೆ ಲಸಿಕೆ ಹಾಕಿಸಲು ಹೋಗಿದ್ದರು. ಅಲ್ಲಿ ಸಿಸ್ಟರು ಇವರ ತೋಳಿಗೂ ಪಟ್ಟಿ ಸುತ್ತಿ ಬಿಪಿ ನೋಡಿದರು. ಮೇಲಿನದು 160, ಕೆಳಗಿನದು 100 ಇತ್ತು. 140, 90 ಮುಟ್ಟಿದರೇ ಅದು ಹೆಚ್ಚು. ಅಕ್ಕನಿಗೆ ನಂಬಿಕೆ ಬರಲಿಲ್ಲ.

“ನಂಗೇನೂ ಆಗಿಲ್ಲ ಟೀಚರಮ್ಮ. ಉಪ್ಪು ಕಮ್ಮಿ ಮಾಡು ಅಂತಾರೆ. ನಾನೆಲ್ಲಿ ಜಾಸ್ತಿ ತಿಂತೀನಿ?” ಅಂದರು.

ಬಿಪಿಯ ಮೋಸವೇ ಇದು. ನೋವಿಲ್ಲ, ಜ್ವರವಿಲ್ಲ. ಅಳೆದು ನೋಡದೆ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುತ್ತೆ ಅಲ್ವಾ? ಉಪ್ಪು ನೀರನ್ನು ಹಿಡಿದಿಡುತ್ತದೆ. ಮೈಯೊಳಗೂ ಉಪ್ಪು ಹೆಚ್ಚಾದರೆ ನೀರು ಹೆಚ್ಚು ನಿಲ್ಲುತ್ತದೆ. ರಕ್ತನಾಳದಲ್ಲಿ ಒತ್ತಡ ಏರುತ್ತದೆ. ಹೃದಯ ಜಾಸ್ತಿ ಬಲ ಹಾಕಿ ನೂಕಬೇಕಾಗುತ್ತದೆ. ವರ್ಷಗಟ್ಟಲೆ ಹೀಗಾದರೆ ಹೃದಯ ಸೋಲುತ್ತದೆ. ಲಕ್ವ ಹೊಡೆಯುವುದೂ ಉಂಟು.

ಆ ಅಕ್ಕನ ತಟ್ಟೆ ನೋಡೋಣ. ಮನೆಯವರೆಲ್ಲ ಉಂಡ ಮೇಲೆ ಅವರು ಕೂರುತ್ತಾರೆ. ಅಷ್ಟು ಹೊತ್ತಿಗೆ ಬಸ್ಸಾರಿನ ಸೊಪ್ಪು, ಕಾಳು ಖಾಲಿ. ಉಳಿದಿದ್ದು ಮುದ್ದೆ, ತಿಳಿ ಸಾರು. ನಂಜಿಕೊಳ್ಳಲು ಉಪ್ಪಿನಕಾಯಿ. ಇಲ್ಲದಿದ್ದರೆ ಒಂದು ಹಪ್ಪಳ. ಉಪ್ಪು ಬಂದದ್ದು ಅಲ್ಲಿಂದ. ಹೃದಯಕ್ಕೆ ಒಳ್ಳೆಯದಾದ ಸೊಪ್ಪು, ಕಾಳು ಮಾತ್ರ ಅವರಿಗೆ ಸಿಗಲಿಲ್ಲ. ಇದು ಎಷ್ಟು ಮನೆಗಳ ಕಥೆ, ನೀವೇ ಹೇಳಿ! ಸೊಪ್ಪು, ಕಾಳು, ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಎಂಬ ಲವಣ ಇದೆ. ಅದು ಬಿಪಿ ಇಳಿಸಲು ನೆರವಾಗುತ್ತದೆ. ಆದ್ದರಿಂದ ಬಡಿಸುವ ಮೊದಲೇ ನಿಮ್ಮ ಪಾಲಿನ ಪಲ್ಯ ಒಂದು ಬಟ್ಟಲಲ್ಲಿ ತೆಗೆದಿಡಿ. ಇದರಲ್ಲಿ ನಾಚಿಕೆ ಏನಿದೆ?

ಈಗ ಒಂದು ಲೆಕ್ಕ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಸಮ ಮಾಡಿದ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಖಾರದ ಉಪ್ಪೂ ಇದರಲ್ಲೇ ಸೇರಿತು. ಮನೆಯಲ್ಲಿ 5 ಜನ ಇದ್ದರೆ ದಿನಕ್ಕೆ 25 ಗ್ರಾಂ. ಒಂದು ಕೆಜಿ ಪ್ಯಾಕೆಟ್ 40 ದಿನವಾದರೂ ಬರಬೇಕು. ಮಕ್ಕಳಿದ್ದರೆ ಇನ್ನೂ ಹೆಚ್ಚು ದಿನ. ನಿಮಗೀಗ ಬರೆಯಲು ಬರುತ್ತೆ. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಮುಗಿದ ದಿನ ಎಣಿಸಿ.

ಒಂದೇ ದಿನ ಸಪ್ಪೆ ಮಾಡಿದರೆ ಮನೆಯಲ್ಲಿ ಜಗಳವೇ! ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿ. ನಾಲಿಗೆ ಒಗ್ಗಿಕೊಳ್ಳುತ್ತದೆ. ಹುಣಸೆಹುಳಿ, ನಿಂಬೆ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು ರುಚಿ ಕೊಡುತ್ತವೆ. ಮುದ್ದೆಗೆ, ಅನ್ನಕ್ಕೆ ಉಪ್ಪು ಬೇಡ, ಸಾರಿನಲ್ಲಿ ಇದೆಯಲ್ಲ. ಕೊಳ್ಳುವ ಉಪ್ಪು ಮಾತ್ರ ಅಯೋಡಿನ್ ಇರುವುದೇ ಆಗಲಿ.

ಎಣ್ಣೆಯ ಮೇಲೂ ಒಂದು ಕಣ್ಣಿರಲಿ. ತಲೆಗೆ ತಿಂಗಳಿಗೆ ಅರ್ಧ ಲೀಟರ್ ಸಾಕು. ಬೋಂಡ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಊಟವಾದ ಮೇಲೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಅದನ್ನು ಬಿಡಲೇಬೇಕು. ಅದು ಹೃದಯಕ್ಕೂ ಕೇಡು.

ಬಿಪಿ ಮಾತ್ರೆ ಕೊಟ್ಟಿದ್ದರೆ, ಉಪ್ಪು ಕಮ್ಮಿ ಮಾಡಿದೆ ಅಂತ ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳಿ.

ಆ ಅಕ್ಕನ ಮನೆಯಲ್ಲಿ 5 ಜನ. ಮೊದಲ ಪ್ಯಾಕೆಟ್ 22 ದಿನಕ್ಕೇ ಮುಗಿದಿತ್ತು. ಎರಡನೆಯದು 33 ದಿನ ಬಂತು. ಮೂರನೆಯದರ ಮೇಲೆ ಮೊನ್ನೆ ತಾರೀಖು ಬರೆದಿದ್ದಾರೆ.