ಎರಡು ಬೋಟುಗಳ ನಡುವೆ ಒಂದು ಊರು

ಮಹಿಷವಾಡಗಿಯ ದಂಡೆಯಲ್ಲಿ ಬೋಟ್ ಹತ್ತಿದಾಗ ಕೃಷ್ಣೆಯ ಮೇಲೆ ಇನ್ನೂ ಮಂಜಿತ್ತು. ಎರಡು ಮೋಟಾರ್‌ಸೈಕಲ್, ನಾಲ್ಕು ಹಾಲಿನ ಕ್ಯಾನು, ಮಡಿಲಲ್ಲಿ ಬುತ್ತಿಗಂಟು ಇಟ್ಟುಕೊಂಡ ಒಬ್ಬ ಅಜ್ಜಿ, ನಾನು. ಮಧ್ಯಾಹ್ನದ ಬೋಟಿಗೆ ಮರಳಬೇಕು. ಹಡಗಿನಲ್ಲಿ ಲೋಕ ಸುತ್ತುವವರು ವೆನಿಸ್‌ನಂಥ ಕಾಲುವೆಗಳ ಊರಿಗೆ ಇಳಿದಾಗ ಅವರ ಕೈಯಲ್ಲೂ ಹೀಗೇ ನಾಲ್ಕೈದು ತಾಸು ಇರುತ್ತದಂತೆ. ನನ್ನ ಪಾಲಿನ ನಾಲ್ಕೈದು ತಾಸು ಆಚೆ ದಂಡೆಯ ರಬಕವಿಯಲ್ಲಿ ಬಂತು. ಅದೆಂಥ ಭಾಗ್ಯ!

ದಂಡೆ ಹತ್ತಿ ಊರ ಕಡೆ ನಡೆದಂತೆ ಮಳೆ ಬರುತ್ತಿರುವ ಸದ್ದು. ತಲೆ ಎತ್ತಿದರೆ ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಇನ್ನೂ ಹತ್ತು ಹೆಜ್ಜೆ, ಸದ್ದು ದಟ್ಟವಾಯಿತು. "ಮಳಿ ಅಲ್ರಿ, ಮಗ್ಗ," ಎಂದರು ಅಜ್ಜಿ, ನನ್ನ ಮುಖ ನೋಡಿ. ಮಗ್ಗ! ಒಂದಲ್ಲ, ಹತ್ತಲ್ಲ, ಓಣಿಗೆ ಓಣಿಯೇ ಗಡಗಡಿಸುತ್ತಿದೆ. ಎಡಕ್ಕೆ ತಿರುಗಿದರೂ ಮಗ್ಗ, ಬಲಕ್ಕೆ ತಿರುಗಿದರೂ ಮಗ್ಗ. ಕಲ್ಲುಚಪ್ಪಡಿಯ ಮೇಲೆ ನಿಂತರೆ ಅಂಗಾಲಿಗೂ ಆ ನಡುಕ ತಾಗುತ್ತದೆ.

ಮತ್ತೆ ಬಣ್ಣ! ಒಂದು ಮನೆಯ ಮುಂದೆ ಬಿದಿರಿನ ಗಳುಗಳ ಮೇಲೆ ಆಗಷ್ಟೇ ಅದ್ದಿ ತೆಗೆದ ನೂಲಿನ ಲಡಿಗಳು ಸಾಲಾಗಿ ತೂಗುತ್ತಿವೆ. ದಾಳಿಂಬೆ ಕೆಂಪು, ನವಿಲುಗರಿಯ ನೀಲಿ, ಅರಿಷಿಣ. ಮೊಣಕೈವರೆಗೆ ಕೆಂಪಾದ ಒಬ್ಬಾತ ಲಡಿಯನ್ನು ಕೋಲಿಗೆ ಸಿಕ್ಕಿಸಿ ಹಿಂಡುತ್ತಿದ್ದ. ಹನಿಗಳು ಮಣ್ಣಿಗೆ ಬಿದ್ದು ಬಿದ್ದು ಅವನ ಕಾಲ ಸುತ್ತ ನೆಲವೇ ಸೀರೆಯಂತಾಗಿತ್ತು. ಸುತ್ತಲ ಎರೆಭೂಮಿಯಲ್ಲಿ ಕಬ್ಬು, ಅರಿಷಿಣ, ಪಕ್ಕದ ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲ, ಇಲ್ಲಿ ನೂಲು. ಒಂದೇ ಹೊಳೆಯ ಆಸರೆಯಲ್ಲಿ ಎಷ್ಟು ಬಗೆಯ ಬದುಕು!

ಆ ಹೊಳೆಯ ಜೊತೆ ಇಲ್ಲಿನ ಜನ ಬಾಳುವ ರೀತಿಯೇ ಬೇರೆ. ಇದೇ ನೀರು ಕೆಳಗೆ ಹಿಪ್ಪರಗಿ ಬ್ಯಾರೇಜ್ ದಾಟಿ ಚಿಕ್ಕಪಡಸಲಗಿಗೆ ಹೋಗುತ್ತದೆ. ಅಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ರೈತರು ಸರ್ಕಾರಕ್ಕೆ ಕಾಯದೆ ತಮ್ಮ ದುಡ್ಡು, ತಮ್ಮ ಮೈಬೆವರು ಹಾಕಿ 1989ರಲ್ಲಿ ಬ್ಯಾರೇಜ್ ಕಟ್ಟಿ ನಿಲ್ಲಿಸಿದರು. ಅದಕ್ಕೆ ಇಟ್ಟ ಹೆಸರು ಶ್ರಮಬಿಂದು ಸಾಗರ. ಎರಡು ವರ್ಷದ ಬಳಿಕ, 1991ರ ಲೋಕಸಭಾ ಚುನಾವಣೆಯಲ್ಲಿ, ಬಾಗಲಕೋಟೆಯ ಮತದಾರರು ರಾಮಕೃಷ್ಣ ಹೆಗಡೆಯವರಂಥವರ ಎದುರು ಈ 'ಬ್ಯಾರೇಜ್ ಸಿದ್ದು'ವನ್ನೇ ಗೆಲ್ಲಿಸಿದರು.

ರಬಕವಿಯ ಓಣಿಗಳಿಂದ ಅರ್ಧ ತಾಸು ನಡೆದಿರಬೇಕು, ಪಕ್ಕದ ಊರು ಬನಹಟ್ಟಿ ಬಂದೇಬಿಟ್ಟಿತು. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ರಬಕವಿ ಸಾಂಗ್ಲಿಗೆ ಸೇರಿತ್ತು, ಬನಹಟ್ಟಿ ಜಮಖಂಡಿಗೆ. ಪಟವರ್ಧನ ಮನೆತನದವೇ ಆದರೂ ಅವು ಎರಡು ಬೇರೆ ಸಂಸ್ಥಾನಗಳು. ಅಂದರೆ ನಾನು ನಡೆಯುತ್ತ ನಡೆಯುತ್ತ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕಾಲಿಟ್ಟಿದ್ದೆ! ಗಡಿಯ ಗುರುತು ಹುಡುಕಿದೆ, ಕಾಣಲಿಲ್ಲ. ಅದೇ ಸದ್ದು ಎರಡೂ ಊರುಗಳನ್ನು ಹಾಯ್ದು ಹೋಗಿತ್ತು. ಕಾಡಸಿದ್ಧೇಶ್ವರನಿಗೆ ಕೈಮುಗಿದು, ಬಿಸಿಬಿಸಿ ಮಿರ್ಚಿ ಭಜಿ, ಚುರುಮುರಿ ತಿಂದು ಹಿಂದಿರುಗಿದೆ.

ಆಗ ಕರೆಂಟ್ ಹೋಯಿತು.

ಊರಿಗೆ ಊರೇ ಒಮ್ಮೆಲೇ ಸ್ತಬ್ಧ. ಕಿವಿ ಗುಂಯ್ ಎಂದಿತು. ಪವರ್‌ಲೂಮ್ ಷೆಡ್ಡುಗಳಿಂದ ಹುಡುಗರು ಬೆವರು ಒರೆಸಿಕೊಳ್ಳುತ್ತ ಹೊರಬಂದು ಚಹಾ ಅಂಗಡಿ ಕಡೆ ನಡೆದರು. ಆ ನಿಶ್ಶಬ್ದದ ತಳದಲ್ಲಿ, ಎಲ್ಲೋ ದೂರ, ಇನ್ನೊಂದು ಸದ್ದು: ಖಟ್... ಖಟ್... ಖಟ್... ಇಷ್ಟು ಹೊತ್ತೂ ಇದು ಇತ್ತು, ದೊಡ್ಡ ಸದ್ದಿನಡಿ ಮುಳುಗಿತ್ತು! ಕಿವಿ ಎಳೆದತ್ತ ಓಡಿದೆ. ಎರಡು ಓಣಿ, ಒಂದು ಬಾವಿಕಟ್ಟೆ, ಬೇವಿನ ಗಿಡ, ತಗ್ಗು ಬಾಗಿಲು.

"ಒಳಗ ಬರ್ರಿ ಅಣ್ಣಾರ, ಹೊಸ್ತಿಲ ಮ್ಯಾಲ ನಿಂದರಬ್ಯಾಡ್ರಿ."

ಒಳಗೆ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಹಿರಿಯರೊಬ್ಬರು ಕೂತಿದ್ದರು. ಕಾಲು ಒತ್ತಿದರೆ ಹಾಸಿನ ಎಳೆಗಳು ಮೇಲೊಂದು ಸಾಲು ಕೆಳಗೊಂದು ಸಾಲಾಗಿ ಬಾಯಿ ತೆರೆಯುತ್ತವೆ, ಹಗ್ಗ ಜಗ್ಗಿದರೆ ಆ ಬಾಯೊಳಗೆ ಲಾಳಿ ಮಿಂಚಿ ಆಚೆ ಹಾರುತ್ತದೆ, ಹಣಿಗೆ ಬಂದು ಖಟ್ಟೆಂದು ಹೊಕ್ಕನ್ನು ಬಿಗಿಯುತ್ತದೆ. ಒಂದು ಎಳೆ. ಮತ್ತೆ ಕಾಲು, ಮತ್ತೆ ಕೈ. ಇನ್ನೊಂದು ಎಳೆ. "ಕರೆಂಟ್ ಹೋದ್ರ ನಮಗೇನ್ರಿ?" ಎಂದು ನಕ್ಕರು, ಕೈ ನಿಲ್ಲಿಸದೆ.

ಪಕ್ಕದಲ್ಲಿ ಇನ್ನೊಂದು ಮಗ್ಗ ಸುಮ್ಮನಿತ್ತು. ಅದರ ಹಿಂದೆ ಕಿಟಕಿಯ ಬೆಳಕಿಗೆ ಮುಖಮಾಡಿ ಕೂತ ಅಕ್ಕ ಬೊಟ್ಟಿಗೆ ಬೂದಿ ಹಚ್ಚಿಕೊಂಡರು. ಮುಗಿದ ಹಾಸಿನ ಒಂದು ಎಳೆಯ ತುದಿ, ಹೊಸ ಹಾಸಿನ ಒಂದು ಎಳೆಯ ತುದಿ. ಹೆಬ್ಬೆರಳು ತೋರುಬೆರಳ ನಡುವೆ ಒಂದೇ ಹೊಸೆತ. ಎರಡೂ ಒಂದಾದವು! ಗಂಟಿಲ್ಲ. ನಾನು ಕಣ್ಣು ಮಿಟುಕಿಸುವುದರೊಳಗೆ ಮುಂದಿನ ಎಳೆ.

"ಒಟ್ಟು ಎಷ್ಟು ಎಳಿ ಅದಾವ್ರಿ, ಅಕ್ಕಾರ?"

"ಎರಡೂವರಿ ಸಾವಿರದ ಮ್ಯಾಲ. ಒಂದು ತಪ್ಪಿದ್ರೂ ಸೀರಿ ತುಂಬ ಗೆರಿ ಬೀಳ್ತೈತಿ."

ಎರಡೂವರೆ ಸಾವಿರ ಸಲ ಆ ಹೊಸೆತ! ಕೇಳಿ ನಾನೂ ಕೈ ಹಾಕಿದೆ. ನೂಲು ಬೆರಳಿಗೆ ಸಿಕ್ಕಿದ್ದೇ ತಿಳಿಯದಷ್ಟು ನವಿರು. ಹೊಸೆದೆ, ಬಿಟ್ಟೆ, ಬಿಚ್ಚಿಕೊಂಡಿತು. ಅಕ್ಕ ಏನೂ ಅನ್ನದೆ ನನ್ನ ಬೆರಳಿಗೆ ಇನ್ನಷ್ಟು ಬೂದಿ ಸವರಿದರು. ಮತ್ತೆ ಹೊಸೆದೆ. ನಿಂತಿತು! ಯಾರೋ ಎಲ್ಲೋ ಉಡುವ ಸೀರೆಯ ಹಾಸಿನಲ್ಲಿ ಒಂದು ಎಳೆ ನನ್ನ ಕೈಯಿಂದ ಕೂಡಿತು.

ಕರೆಂಟ್ ಬಂತು. ಮಳೆ ಒಮ್ಮೆಲೇ ಮತ್ತೆ ಸುರಿಯತೊಡಗಿತು. ಈಗ ಮಾತ್ರ ಅದರೊಳಗಿನ ಖಟ್ ಖಟ್ ನನಗೆ ಬಿಡಿಬಿಡಿಯಾಗಿ ಕೇಳುತ್ತಿತ್ತು. "ಇದು ಮುಗಿಯೂದು ನಾಳೆ ಮುಂಜಾನಿ. ಮೊದಲ ಲಾಳಿ ಹಾರೂದು ಆಗ ನೋಡ್ರಿ," ಎಂದರು ಅಕ್ಕ.

ಹೊಳೆಯ ದಂಡೆಗೆ ಬಂದು ನಿಂತೆ. ಬೋಟ್ ಕಾಯುತ್ತಿತ್ತು, ಮೋಟಾರ್‌ಸೈಕಲ್‌ಗಳು ಏರುತ್ತಿದ್ದವು, ಅಂಬಿಗ ಕೈಬೀಸಿ ಕರೆದ. ನಾಳೆ ಬರುತ್ತೇನೆಂದು ಕೂಗಿ ಹೇಳಿ, ಇಳಿಯುವ ಮನೆ ಹುಡುಕುತ್ತ ಓಣಿಯ ಕಡೆ ನಡೆದೆ.