ನಿಮಗಿದು ಗೊತ್ತೆ? ಒಂಟಿಗೈಯ ಔಟ್‌ಫೀಲ್ಡರ್
ಬೇಸ್‌ಬಾಲ್‌ನ ಔಟ್‌ಫೀಲ್ಡರ್ ಎಂದರೆ ನಮ್ಮ ಕ್ರಿಕೆಟ್‌ನಲ್ಲಿ ಬೌಂಡರಿ ಕಾಯುವವನಿದ್ದಂತೆ. ಚೆಂಡು ಹಿಡಿಯಲು ಗ್ಲೌಸ್ ತೊಟ್ಟ ಒಂದು ಕೈ, ಎಸೆಯಲು ಇನ್ನೊಂದು. ಅಮೆರಿಕದ ಪೀಟ್ ಗ್ರೇಗೆ ಆ ಇನ್ನೊಂದು ಕೈಯೇ ಇರಲಿಲ್ಲ!

1915ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಈತ ಬಲಗೈ ಕಳೆದುಕೊಂಡದ್ದು ಬಾಲ್ಯದ ಅಪಘಾತದಲ್ಲಿ. ಚೆಂಡು ಹಿಡಿದೊಡನೆ ಗ್ಲೌಸನ್ನು ಮೋಟುಗೈಯ ಕಂಕುಳಿಗೆ ಸಿಕ್ಕಿಸುತ್ತಿದ್ದ. ಎದೆಯ ಮೇಲೆ ಉರುಳಿ ಬಂದ ಚೆಂಡನ್ನು ಅದೇ ಎಡಗೈಯಲ್ಲಿ ಹೆಕ್ಕಿ ಎಸೆಯುತ್ತಿದ್ದ. ಕಣ್ಣು ಮಿಟುಕಿಸುವಷ್ಟರಲ್ಲಿ ಇಷ್ಟೂ ಮುಗಿಯುತ್ತಿತ್ತು.

1944ರಲ್ಲಿ ಮೆಂಫಿಸ್ ತಂಡದಲ್ಲಿದ್ದಾಗ ಸದರ್ನ್ ಅಸೋಸಿಯೇಷನ್ ಲೀಗ್‌ನ ಅತ್ಯಂತ ಮೌಲಿಕ ಆಟಗಾರ. ಮರುವರ್ಷ ಅತ್ಯುನ್ನತ ಮಟ್ಟದ ಮೇಜರ್ ಲೀಗ್‌ನಲ್ಲಿ ಸೇಂಟ್ ಲೂಯಿಸ್ ಬ್ರೌನ್ಸ್ ಪರ 77 ಪಂದ್ಯ. ಬ್ಯಾಟಿಂಗ್ ಸರಾಸರಿ .218, ಸಾಧಾರಣವೇ. ಆದರೆ ಒಂಟಿಗೈಯಲ್ಲಿ ಬ್ಯಾಟ್ ಬೀಸಿಯೂ ಚೆಂಡನ್ನು ಹೊಡೆಯಲಾಗದೆ ಸ್ಟ್ರೈಕ್‌ಔಟ್ ಆದದ್ದು ಬರೀ 11 ಸಲ! ಎರಡನೇ ಮಹಾಯುದ್ಧ ಮುಗಿದು, ಸೇನೆಗೆ ಹೋಗಿದ್ದ ಹಳೆಯ ಆಟಗಾರರು ಮರಳಿದ ಮೇಲೆ ಅವನಿಗೆ ಅಲ್ಲಿ ಜಾಗ ಸಿಗಲಿಲ್ಲ.