ಹಾಸ್ಟೆಲಿನ ಹುಡುಗಿಯರು ಮನೆಮನೆಗೆ ಹಂಚಿದ ಫಡ್ಜ್

ಕ್ರಿಸ್‌ಮಸ್ ಹತ್ತಿರವಾಯಿತೆಂದರೆ ಅಮೆರಿಕದ ಅನೇಕ ಮನೆಗಳಲ್ಲಿ ಅಜ್ಜಿಯ ಕಾಲದ ರೆಸಿಪಿ ಡಬ್ಬಿ ಅಟ್ಟದಿಂದ ಕೆಳಗಿಳಿಯುತ್ತದೆ. ಬೆಣ್ಣೆಯ ಜಿಡ್ಡು, ಕೋಕೋ ಕಲೆ ಹತ್ತಿದ ಕಾರ್ಡುಗಳ ನಡುವೆ ಫಡ್ಜಿನದೂ ಒಂದಿರುತ್ತದೆ. ಹಾಲು, ಸಕ್ಕರೆ, ಚಾಕೊಲೇಟ್, ಬೆಣ್ಣೆ ಇದ್ದರೆ ಸಾಕು, ಬಾಯಲ್ಲಿಟ್ಟರೆ ಕರಗುವ ಈ ಮಿಠಾಯಿ ಸಿದ್ಧ.

ಇದು ಮನೆಮಾತಾದದ್ದು ಕಾಲೇಜು ಹುಡುಗಿಯರಿಂದ. 1886ರಲ್ಲಿ ಬಾಲ್ಟಿಮೋರ್‌ನಲ್ಲಿ ಫಡ್ಜ್ ಪೌಂಡಿಗೆ 40 ಸೆಂಟಿನಂತೆ ಮಾರಾಟವಾಗುತ್ತಿತ್ತೆಂದು ನ್ಯೂಯಾರ್ಕ್ ರಾಜ್ಯದ ವಾಸರ್ ಮಹಿಳಾ ಕಾಲೇಜಿನಲ್ಲಿ ಓದಿದ ಎಮೆಲಿನ್ ಹಾರ್ಟ್‌ರಿಜ್ ಪತ್ರವೊಂದರಲ್ಲಿ ಬರೆದಿದ್ದಾರೆ. ಸಹಪಾಠಿಯ ಸಂಬಂಧಿಕರು ಮಾಡುತ್ತಿದ್ದ ಆ ತಿನಿಸಿನ ಅಳತೆಯನ್ನು ಕೇಳಿ ಪಡೆದ ಅವರು, 1888ರಲ್ಲಿ ಕಾಲೇಜಿನ ಹರಾಜಿಗೆಂದು 30 ಪೌಂಡ್ ಫಡ್ಜ್ ಮಾಡಿದರು. ರುಚಿ ಬೇರೆ ಕಾಲೇಜುಗಳಿಗೂ ಹಬ್ಬಿತು. ವೆಲ್ಸ್‌ಲಿಯವರು ಮಾರ್ಷ್‌ಮ್ಯಾಲೋ ಬೆರೆಸಿದರು, ಸ್ಮಿತ್ ಕಾಲೇಜಿನವರು ಕಂದು ಸಕ್ಕರೆ, ಕಾಕಂಬಿ ಹಾಕಿದರು. ಕೋಕೋ ಡಬ್ಬಿಗಳ ಮೇಲೂ ರೆಸಿಪಿ ಅಚ್ಚಾಗತೊಡಗಿದ ಮೇಲೆ ಫಡ್ಜ್ ಎಲ್ಲರ ಒಲೆಯನ್ನೂ ಏರಿತು.

ಹಳೆಯ ಪದ್ಧತಿಯ ಒಂದು ಅಳತೆ ಹೀಗಿದೆ: 3 ಕಪ್ ಸಕ್ಕರೆ, ಮುಕ್ಕಾಲು ಕಪ್ಪಿಗೆ ತುಸು ಕಡಿಮೆ ಕೋಕೋ ಪುಡಿ, ಒಂದೂವರೆ ಕಪ್ ಹಾಲು, ಚಿಟಿಕೆ ಉಪ್ಪು. ದಪ್ಪ ತಳದ ಪಾತ್ರೆಯಲ್ಲಿ ಕುದಿ ಬರುವವರೆಗೆ ಕೈಯಾಡಿಸಿ, ಆಮೇಲೆ ಸುಮ್ಮನೆ ಕುದಿಯಲು ಬಿಡಬೇಕು. ಪಾಕ 112ರಿಂದ 114 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಹದ ಬಂತು. ಥರ್ಮಾಮೀಟರ್ ಇಲ್ಲದ ಅಜ್ಜಿಯರು ತಣ್ಣೀರಿಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ಒಟ್ಟುಗೂಡಿಸಿ ಮೆತ್ತನೆಯ ಉಂಡೆಯಾಯಿತೇ ಎಂದು ನೋಡುತ್ತಿದ್ದರು. ನಮ್ಮ ಅಡುಗೆಮನೆಗಳಲ್ಲಿ ಉಂಡೆಪಾಕ ಪರೀಕ್ಷಿಸುವುದೂ ಹೀಗೆಯೇ.

ನಿಜವಾದ ಕಸುಬು ಒಲೆಯಿಂದ ಇಳಿಸಿದ ಮೇಲಿನದು. ಬೆಣ್ಣೆ, ವೆನಿಲ್ಲಾ ಮೇಲೆ ಹಾಕಿ, ಚಮಚ ಮುಟ್ಟದೆ, ಪಾತ್ರೆಯ ತಳ ಕೈಗೆ ಉಗುರುಬೆಚ್ಚಗೆ ಎನಿಸುವ ತನಕ ಕಾಯಬೇಕು. ಬಿಸಿಯಲ್ಲೇ ಕಲಕಿದರೆ ಸಕ್ಕರೆ ದೊಡ್ಡ ಹರಳುಗಟ್ಟಿ ಮಿಠಾಯಿ ತರಿತರಿಯಾಗುತ್ತದೆ. ಆರಿದ ಮೇಲೆ ಮರದ ಸೌಟಿನಿಂದ ಬಿಡದೆ ಕಲಕಿದರೆ ಅಸಂಖ್ಯ ಸಣ್ಣ ಹರಳುಗಳು ಒಮ್ಮೆಗೇ ಮೂಡುತ್ತವೆ. ನಾಲಿಗೆಗೆ ಸಿಗುವ ನುಣುಪು ಅವುಗಳದ್ದೇ. ಹೊಳಪು ಮಾಸಿ ಗಟ್ಟಿಯಾಗತೊಡಗಿದ ಕ್ಷಣವೇ ಬೆಣ್ಣೆ ಸವರಿದ ತಟ್ಟೆಗೆ ಸುರಿಯಬೇಕು. ತಡವಾದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಪಾತ್ರೆಯ ಅಂಚಿಗೆ ಅಂಟಿದ ಒಂದೆರಡು ಸಕ್ಕರೆ ಕಾಳು ಒಳಗೆ ಬಿದ್ದರೂ ಕೆಲಸ ಕೆಟ್ಟೀತು. ಹಾಗಾಗಿ ಕುದಿಯುವಾಗ ಎರಡು ನಿಮಿಷ ಮುಚ್ಚಳ ಮುಚ್ಚುತ್ತಾರೆ, ಆವಿಯೇ ಅಂಚನ್ನು ತೊಳೆಯುತ್ತದೆ.

ಕಂಡೆನ್ಸ್ಡ್ ಮಿಲ್ಕ್ ಹಾಕಿದರೆ ಇಷ್ಟು ರಗಳೆಯಿಲ್ಲ, ಕೆಡುವ ಭಯವೂ ಕಡಿಮೆ. ಆದರೆ ಹಲ್ಲಿಗೆ ಮೊದಲು ಗಟ್ಟಿಯೆನಿಸಿ, ಮರುಗಳಿಗೆಯಲ್ಲೇ ಕರಗುವ ಹಳೆಯ ಫಡ್ಜಿನ ಗುಣ ಅದಕ್ಕೆ ಬರುವುದಿಲ್ಲ.

ಮಾಡಿ ನೋಡುವವರು ಮಳೆಗಾಲ ಬಿಟ್ಟು ಒಣಹವೆಯ ದಿನ ಆರಿಸಿಕೊಳ್ಳಿ; ಸಕ್ಕರೆ ತೇವ ಹೀರಿಕೊಂಡರೆ ಫಡ್ಜ್ ಗಟ್ಟಿಯಾಗದು. ಹದ ತಪ್ಪಿದರೂ ಎಸೆಯಬೇಡಿ. ತುಸು ನೀರು ಸೇರಿಸಿ ಕರಗಿಸಿ, ಮತ್ತೆ ಪಾಕಕ್ಕೆ ತಂದರಾಯಿತು.